ಮೂಲೆ ಹಾಸಿಗೆಯ ಬಾಟಲಿ

ಮಧ್ಯಾಹ್ನ ಎರಡಾದರೂ ದರ್ಜಿಯ ಹೆಂಡತಿಗೆ ಊಟ ಸೇರಲಿಲ್ಲ. ವಾರ್ಡಿನ ಮೂಲೆ ಹಾಸಿಗೆಯ ಡ್ರೈವರನಿಗೆ ನರ್ಸಮ್ಮ ಆಗಲೇ ಔಷಧಿಯ ಎರಡನೇ ಬಾಟಲಿ ಏರಿಸುತ್ತಿದ್ದರು. ಅವನ ಹತ್ತಿರ ಹೋಗುವಾಗಲೆಲ್ಲ ಹೊಸ ಕೈಗವಸು, ಮೇಲೊಂದು ನಿಲುವಂಗಿ. ತನ್ನ ಗಂಡನಿಗೆ ಮಾತ್ರ ಹೊತ್ತಿಗೆ ಎರಡು ಮಾತ್ರೆ. ಇಬ್ಬರದೂ ಮುರಿದ ಕಾಲು, ಇಬ್ಬರಿಗೂ ಆಪರೇಷನ್ ಆಗಿದ್ದು ಒಂದೇ ವಾರ. ಅವಳ ಹೊಟ್ಟೆ ಉರಿಯಿತು.

"ಡಾಕ್ಟ್ರು ಬಂದಾಗ ಸ್ವಲ್ಪ ನರಳ್ರೀ," ಎಂದಳು ಗಂಡನಿಗೆ.

"ನೋವೇ ಇಲ್ವಲ್ಲೇ."

"ನಿಮ್ಮಂಥ ಪೆದ್ದರಿಗೆ ಮಾತ್ರೆಯೇ ಗತಿ. ಸುಮ್ನೆ ನರಳಿ."

ದರ್ಜಿ ನರಳಿದ. ಎಣ್ಣೆ ಕಾಣದ ಹೊಲಿಗೆ ಯಂತ್ರದ ಸದ್ದು ಅದು. ಡಾಕ್ಟರಮ್ಮ ಗಾಯ ನೋಡಿ, "ಚೆನ್ನಾಗಿ ಒಣಗಿದೆ. ಗುರುವಾರ ಮನೆಗೆ ಹೋಗಬಹುದು," ಎಂದು ನಕ್ಕರು.

ಅವಳಿಗೆ ತಡೆಯಲಾಗಲಿಲ್ಲ. "ಅವರಿಗೆ ಹಾಕೋ ದೊಡ್ಡ ಔಷಧಿ ನಮಗ್ಯಾಕಿಲ್ಲ ಮೇಡಂ? ನಾವೇನು ಬಿಟ್ಟಿ ಬಿದ್ದಿದ್ದೀವಾ?"

"ಅದು ಕೇಳಿ ಹಾಕಿಸ್ಕೊಳ್ಳೋ ಔಷಧಿ ಅಲ್ಲಮ್ಮ. ಬೇಡದವರಿಗೂ ಕೊಟ್ಟೂ ಕೊಟ್ಟೂ ಕೆಲವು ರೋಗಾಣು ಈಗ ಯಾವುದಕ್ಕೂ ಜಗ್ಗಲ್ಲ. ನಿಮ್ಮ ಯಜಮಾನರಿಗೆ ಅದು ಬೇಕಾಗದೇ ಇರೋದೇ ಒಳ್ಳೇದು."

ಇದೆಲ್ಲ ಸಬೂಬು, ಡ್ರೈವರನಿಗೆ ಯಾರದೋ ಶಿಫಾರಸಿದೆ ಎಂದುಕೊಂಡಳು. ಸಂಜೆ ನಲ್ಲಿಯ ಹತ್ತಿರ ಡ್ರೈವರನ ಹೆಂಡತಿ ಮೊಣಕೈವರೆಗೂ ಸೋಪು ಹಚ್ಚಿ ಕೈ ತೊಳೆಯುತ್ತಿದ್ದಾಗ ಇವಳು ಚುಚ್ಚಿಯೇಬಿಟ್ಟಳು. "ನಿಮ್ಮ ಅದೃಷ್ಟ ಬಿಡಿ, ದಿನಕ್ಕೆ ಮೂರು ಬಾಟಲಿ!"

"ಅದೃಷ್ಟಾನಾ ಅಕ್ಕಾ?" ಅವಳು ನೀರು ನಿಲ್ಲಿಸಿದಳು. "ನಮ್ಮವರು ಬಂದಿದ್ದು ಬರೀ ಕಾಲು ಮುರಿದು. ಸೋಂಕು ಹತ್ತಿದ್ದು ಇಲ್ಲೇ, ಯಾರೋ ಕೈ ತೊಳೀದೆ ಮುಟ್ಟಿರಬೇಕಂತೆ. ನಾಲ್ಕು ಔಷಧಿ ಹಾಕಿದ್ರು, ಒಂದೂ ನಾಟಲಿಲ್ಲ. ಇದೇ ಕೊನೇದು. ಇದಕ್ಕೂ ಬಗ್ಗದಿದ್ರೆ ಕಾಲೇ ತೆಗೀತಾರೆ. ನಿಮ್ಮವರು ಎರಡು ಮಾತ್ರೆ ನುಂಗಿ ಎದ್ದು ಕೂರ್ತಾರಲ್ಲ, ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತೆ. ತಪ್ಪು ತಿಳ್ಕೋಬೇಡಿ."

ದರ್ಜಿಯ ಹೆಂಡತಿ ನಾಚಿಕೆಯಿಂದ ತಲೆ ತಗ್ಗಿಸಿ, ಸೋಪು ತೆಗೆದುಕೊಂಡು ತಾನೂ ಕೈ ತೊಳೆಯತೊಡಗಿದಳು.

ಗುರುವಾರ ಬೆಳಿಗ್ಗೆ ಮೂಲೆಯಲ್ಲಿ ಬಾಟಲಿ ಇರಲಿಲ್ಲ. ಮರುದಿನ ಡ್ರೈವರನ ಕಾಲು ತೆಗೆಯುವುದೆಂದು ನಿರ್ಧಾರವಾಗಿತ್ತು. ಇತ್ತ ದರ್ಜಿ ಊರುಗೋಲು ಹಿಡಿದು, "ನಾನೇ ನಡ್ಕೊಂಡು ಬರ್ತೀನಿ ನೋಡು," ಎಂದು ಹುರುಪಿನಿಂದ ಎದ್ದ. ಬಾಗಿಲಿಗೆ ಹೋಗಬೇಕಾದರೆ ಮೂಲೆ ಹಾಸಿಗೆಯನ್ನು ಹಾಯಲೇಬೇಕು. ಡ್ರೈವರನ ಹೆಂಡತಿ ಇತ್ತಲೇ ನೋಡುತ್ತಿದ್ದಳು.

ದರ್ಜಿಯ ಹೆಂಡತಿ ಗಾಲಿಕುರ್ಚಿ ಎಳೆದು ತಂದಳು. "ಕೂತ್ಕೊಳ್ರೀ."

"ನಡೆಯೋಕಾಗುತ್ತೆ ಕಣೇ!"

"ಗೊತ್ತು. ಬಾಗಿಲು ದಾಟೋವರೆಗೆ ಕೂತಿರಿ," ಎಂದು ಅವನ ಎರಡೂ ಕಾಲಿನ ಮೇಲೆ ಶಾಲು ಹೊದಿಸಿದಳು.