ಕಾಲಿಗೆ ನೋವು ಬಂದ ದಿನ

ಪಟ್ಟಿಯಣ್ಣ ಹೆಣದ ಎಡಗಾಲನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡು ಹಳೆಯ ಪಟ್ಟಿಯನ್ನು ಸುತ್ತು ಸುತ್ತಾಗಿ ಬಿಚ್ಚುತ್ತಿದ್ದ. ಕೊನೆಯ ಸುತ್ತು ಅಂಟಿಕೊಂಡಿತ್ತು. ಎಳೆದರೆ ನೋಯುವವನು ಇನ್ನಿಲ್ಲ. ಆದರೂ ಕೈ ತನ್ನ ಅಭ್ಯಾಸ ಬಿಡಲಿಲ್ಲ, ನೀರು ಹನಿಸಿ ನೆನೆಯಲೆಂದು ಕಾಯಿತು. ಸತ್ತ ದರ್ಜಿಯ ಹೆಂಡತಿ ಪಕ್ಕದಲ್ಲಿ ಬೋಗುಣಿ ಹಿಡಿದು ಕೂತಿದ್ದಳು. ಬಾಗಿಲಾಚೆ ನಿಂತ ನೆರೆಹೊರೆಯವರು ಮೂಗಿಗೆ ಬಟ್ಟೆ ಹಿಡಿದುಕೊಂಡಿದ್ದರು. ಅದು ವಾಸನೆಗೆ ಅಂತ ಕಾಣಬಾರದೆಂದು ಅದೇ ಬಟ್ಟೆಯಲ್ಲಿ ಆಗಾಗ ಕಣ್ಣೂ ಒರೆಸಿಕೊಳ್ಳುತ್ತಿದ್ದರು.

ಪಟ್ಟಿ ಬಿಟ್ಟುಕೊಂಡಿತು. ಅಂಗಾಲಿನಲ್ಲಿ, ಹೆಬ್ಬೆರಳಿನ ಬುಡಕ್ಕೆ, ಹೂಕೋಸಿನಂತೆ ಅರಳಿ ನಿಂತ ದುರ್ಮಾಂಸ.

ಪಟ್ಟಿಯಣ್ಣ ಕುಷ್ಠರೋಗದ ಆಸ್ಪತ್ರೆಯಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುತ್ತಲೇ ತಲೆ ನರೆಸಿಕೊಂಡವನು. ಅವನ ನಿಜವಾದ ಹೆಸರು ಸಂಬಳ ಕೊಡುವವರಿಗೆ ಬಿಟ್ಟರೆ ಇನ್ನಾರಿಗೂ ಬೇಕಾಗಿರಲಿಲ್ಲ. ಇಂಥದ್ದನ್ನು ಅವನು ಹಿಂದೆಯೂ ಕಂಡಿದ್ದ. ವರ್ಷಗಟ್ಟಲೆ ಮಾಯದ ಹುಣ್ಣು ಎಲ್ಲೋ ಒಬ್ಬಿಬ್ಬರಲ್ಲಿ ದಾರಿ ತಪ್ಪುತ್ತದೆ, ಕ್ಯಾನ್ಸರಾಗಿ ಬೆಳೆಯಲು ಶುರುಮಾಡುತ್ತದೆ. ಬೇಗ ಕಂಡರೆ ಕಾಲು ಹೋಗುತ್ತದೆ, ಆಳು ಉಳಿಯುತ್ತಾನೆ. ದರ್ಜಿಯನ್ನು ಆಸ್ಪತ್ರೆಗೆ ಹೊತ್ತು ತಂದಾಗ ತೊಡೆಸಂದಿಯಲ್ಲೂ ಗಂಟು ಕಟ್ಟಿತ್ತು. ಡಾಕ್ಟರು ನೋಡಿ, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದಿದ್ದರು. ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತು.

"ಅಣ್ಣಾ, ಒಂದು ಮಾತು ಕೇಳ್ಬೇಕು. ಮಗಳು ಬರೋದ್ರೊಳಗೆ," ಎಂದಳು ದರ್ಜಿಯ ಹೆಂಡತಿ, ಹೊರಗಿನವರಿಗೆ ಕೇಳದಷ್ಟು ಮೆಲ್ಲಗೆ.

"ಕೇಳಕ್ಕ."

"ಅವರಿಗೆ ಕಾಲು ನೋಯೋಕೆ ಶುರುವಾಗಿತ್ತು. ಇದು ಇಷ್ಟು ಬೆಳೆಯೋಕೆ ಎಷ್ಟೋ ಮುಂಚೆ."

ಪಟ್ಟಿಯಣ್ಣನ ಕೈ ನಿಂತಿತು.

* * *

ಮಾತ್ರೆ ನುಂಗಿ ಕುಷ್ಠ ವಾಸಿಯಾದಾಗ ದರ್ಜಿಗಿನ್ನೂ ಮದುವೆಯಾಗಿರಲಿಲ್ಲ. ಆದರೆ ಕಾಯಿಲೆ ಹೋಗುವಾಗ ಎಡಗಾಲಿನ ಸ್ಪರ್ಶವನ್ನೂ ಕಟ್ಟಿಕೊಂಡು ಹೋಗಿತ್ತು. ದಾರಿಯಲ್ಲಿ ಒಂದು ಚಪ್ಪಲಿ ಜಾರಿ ಬಿದ್ದರೂ ಅರಿವಿಲ್ಲದೆ ಇನ್ನೊಂದರಲ್ಲೇ ಮನೆಗೆ ಬರುತ್ತಿದ್ದ. ಹೆಂಡತಿ ಬಂದ ದಾರಿಯಲ್ಲೇ ಹೋಗಿ ಹುಡುಕಿ ತರಬೇಕಿತ್ತು. "ಈ ಕಾಲು ಬಾಡಿಗೆಯವನ ಥರ," ಎನ್ನುತ್ತಿದ್ದ. "ಮನೇಲಿ ಇದ್ದಾನೆ, ಮಾತಿಲ್ಲ ಕತೆಯಿಲ್ಲ."

ಆ ಮಾತಿಲ್ಲದ ಕಾಲಿನಲ್ಲೇ ಅವನು ದಿನವಿಡೀ ಹೊಲಿಗೆ ಮಿಷನ್ ತುಳಿಯುತ್ತಿದ್ದ. ಕಬ್ಬಿಣದ ಪೆಡಲಿಗೆ ಉಜ್ಜಿ ಉಜ್ಜಿ ಹುಣ್ಣಾಯಿತು. ಪಟ್ಟಿಯಣ್ಣ ತುಳಿಯಬೇಡ ಎಂದು ಬೈಯುವುದು, ದರ್ಜಿ ಇದೊಂದು ಅಂಗಿ ಮುಗಿದರೆ ಸಾಕು ಎನ್ನುವುದು, ಹೀಗೇ ಇಬ್ಬರಿಗೂ ವಯಸ್ಸಾಯಿತು, ಸ್ನೇಹವೂ ಬೆಳೆಯಿತು. ಕೊನೆಗೆ, ಆಸ್ಪತ್ರೆಗೆ ನಡೆದು ಬರುವುದಾದರೂ ತಪ್ಪಲಿ ಎಂದು ಪಟ್ಟಿಯಣ್ಣನೇ ಹತ್ತಿ, ಬಟ್ಟೆ ಕೊಟ್ಟು ಅವನ ಹೆಂಡತಿಗೆ ಕಟ್ಟುವುದನ್ನು ಕಲಿಸಿದ. ಅವಳ ಕೈ ಅವನ ಕೈಗಿಂತ ಹಗುರವಾಗಿತ್ತು. ಆಮೇಲೆ ದರ್ಜಿ ಆಸ್ಪತ್ರೆಯ ಕಡೆ ಬಂದದ್ದು ಅಪರೂಪ. ಬಾರದಿದ್ದದ್ದು ಒಳ್ಳೆಯದೇ ಆಯಿತು ಎಂದುಕೊಂಡಿದ್ದ ಪಟ್ಟಿಯಣ್ಣ.

ಒಂದು ಸಂಜೆ ಮಿಷನ್ನಿನ ಸದ್ದು ನಡುವೆಯೇ ನಿಂತಿತು. ದಾರ ತುಂಡಾಗಿರಬೇಕೆಂದು ಹೆಂಡತಿ ಅಡುಗೆಮನೆಯಿಂದ ಇಣುಕಿದಳು. ದರ್ಜಿ ಎರಡೂ ಕೈ ಮೊಣಕಾಲ ಮೇಲಿಟ್ಟು ಯಾರೋ ಕರೆದ ದನಿ ಕೇಳುವವನಂತೆ ಕೂತಿದ್ದ.

"ನೋಯ್ತಿದೆ ಕಣೇ."

ಅವಳು ನಂಬಲಿಲ್ಲ. ಬಂದು ಅಂಗಾಲನ್ನು ಒತ್ತಿದಳು. ಅವನು ಹಾ ಎಂದು ಕಾಲೆಳೆದುಕೊಂಡ. ಮದುವೆಯಾದ ಮೇಲೆ ಆ ಕಾಲು ಹಾಗೆ ತಾನಾಗಿ ಹಿಂದೆ ಸರಿದದ್ದನ್ನು ಅವಳು ಕಂಡಿರಲೇ ಇಲ್ಲ. "ನೋಡು, ಬಾಡಿಗೆಯವನು ಕೊನೆಗೂ ಬಾಯಿ ಬಿಟ್ಟ," ಎಂದು ಅವನು ನಕ್ಕ. ನಗುತ್ತ ನಗುತ್ತಲೇ ಅತ್ತ. ಅವಳು ಸಿಹಿ ಮಾಡಿ ಬೀದಿಗೆಲ್ಲ ಹಂಚಿದಳು, ಕಾಲು ಸರಿಹೋಗುತ್ತಿದೆ ಎಂದಳು.

ಪಟ್ಟಿಯಣ್ಣನಿಗೂ ಹೇಳಿ ಬರುತ್ತೇನೆ ಎಂದು ದರ್ಜಿ ಹೊರಟಿದ್ದ. ಅವಳೇ ತಡೆದಳು. ಈಗತಾನೇ ಬರುತ್ತಿದೆ, ಪೂರ್ತಿ ಬರಲಿ, ಆಸ್ಪತ್ರೆಯವರು ಕೆದಕಿ ಕೆಡಿಸುವುದು ಬೇಡ ಎಂದಳು. ಹುಣ್ಣಿನ ಗುಂಡಿಯಲ್ಲಿ ಮಾಂಸ ಉಬ್ಬತೊಡಗಿದಾಗ ಇಬ್ಬರೂ ಇನ್ನಷ್ಟು ಹಿಗ್ಗಿದರು. ಹೊಸ ಮಾಂಸ ಬಂದು ಗುಂಡಿ ತುಂಬುತ್ತಿದೆ ಎಂದುಕೊಂಡರು.

* * *

"ಅದು ನರಕ್ಕೆ ಜೀವ ಬಂದದ್ದೇ ತಾನೇ ಅಣ್ಣಾ?" ದರ್ಜಿಯ ಹೆಂಡತಿ ಬೋಗುಣಿಯ ನೀರನ್ನೇ ನೋಡುತ್ತಿದ್ದಳು. "ಇದು ಆಮೇಲೆ ಬಂದದ್ದು. ಬೇರೆ. ಅಲ್ವಾ?"

ಸತ್ತ ನರ ಅಷ್ಟು ವರ್ಷದ ಮೇಲೆ ಮತ್ತೆ ಏಳುವುದಿಲ್ಲವೆಂದು ಪಟ್ಟಿಯಣ್ಣನಿಗೆ ಗೊತ್ತಿತ್ತು. ಗಡ್ಡೆ ಒಳಗೊಳಗೇ ಬೇರು ಬಿಟ್ಟು, ಮೇಲೆ ಇನ್ನೂ ಜೀವವಿದ್ದ ಕಡೆಗೆ ಹೋಗಿ ಮುಟ್ಟಿದಾಗ ಎದ್ದ ನೋವು ಅದು. ಅಂದೇ ಬಂದಿದ್ದರೆ ದರ್ಜಿ ಒಂಟಿಗಾಲಲ್ಲಾದರೂ ಇವತ್ತು ಕತ್ತರಿ ಹಿಡಿದು ಕೂತಿರುತ್ತಿದ್ದನೇನೋ. ಇದನ್ನು ಹೇಳಿದರೆ ಸತ್ತವನು ಏಳುವುದಿಲ್ಲ, ಬದುಕಿರುವವಳು ಮತ್ತೆ ಮಲಗುವುದಿಲ್ಲ.

"ಹೌದಕ್ಕ. ಜೀವ ಬಂದಿತ್ತು. ಇದು ಬೇರೆ," ಎಂದ.

ಅವಳು ಕಣ್ಣು ಮುಚ್ಚಿ ದೊಡ್ಡದಾಗಿ ಉಸಿರು ಬಿಟ್ಟಳು. ಅವನು ಹೊಸ ಪಟ್ಟಿ ಸುತ್ತಿ, ತುದಿಯನ್ನು ಒಳಗೆ ಮಡಿಸಿ ಸಿಕ್ಕಿಸಿದ.

ಮಗಳು ಬಂದಳು. ದೂರದ ಊರಿನಲ್ಲಿ ಔಷಧಿ ಅಂಗಡಿಯಲ್ಲಿ ಕೆಲಸ ಅವಳಿಗೆ. ಚಿಕ್ಕವಳಿದ್ದಾಗ ಪಟ್ಟಿಯಣ್ಣನನ್ನು ಮಾವ ಎಂದು ಕರೆದು, ತನ್ನ ಬೊಂಬೆಯ ಕಾಲಿಗೂ ಅವನಿಂದಲೇ ಪಟ್ಟಿ ಕಟ್ಟಿಸಿಕೊಂಡವಳು. ಅಪ್ಪನ ಎದೆಯ ಮೇಲೆ ಬಿದ್ದು ಅತ್ತಳು. ಅಳು ಒಂದು ಹದಕ್ಕೆ ಬಂದ ಮೇಲೆ ಎದ್ದು ಮೂಗು ಒರೆಸಿಕೊಂಡು ಅವನತ್ತ ತಿರುಗಿದಳು.

"ಗಡ್ಡೆ ಇಷ್ಟು ದೊಡ್ಡದಾಗೋವರೆಗೆ ನಿಮ್ಮ ಕಣ್ಣಿಗೆ ಬೀಳ್ಲೇ ಇಲ್ವಾ?"

ಮಾವ ಎಂಬ ಮಾತು ಬರಲಿಲ್ಲ. ಬೋಗುಣಿಯ ನೀರು ಅಲುಗಿದ್ದನ್ನು ಪಟ್ಟಿಯಣ್ಣ ಓರೆಗಣ್ಣಲ್ಲಿ ಕಂಡ.

"ಇಲ್ಲಮ್ಮ, ನಾನು ನೋಡ್ಲಿಲ್ಲ. ಮನೇಲೇ ಕಟ್ಕೊಳ್ಳಿ ಅಂತ ಬಟ್ಟೆ ಕೊಟ್ಟವನು ನಾನೇ. ಅಷ್ಟು ದೂರ ನಡೆಯೋದು ತಪ್ಪಲಿ ಅಂತ."

"ನಿಮ್ಮ ಕೆಲಸ ತಪ್ಪಲಿ ಅಂತ."

ಅದರಲ್ಲೂ ಒಂದು ಪಾಲು ನಿಜವಿರಬಹುದೇ ಎಂದು ಆ ಕ್ಷಣಕ್ಕೆ ಅವನಿಗೆ ಅನ್ನಿಸಿತು.

ಪಕ್ಕದ ಇಸ್ತ್ರಿ ಅಂಗಡಿಯವನು ಮಾತು ತಿರುಗಿಸಲು ನೋಡಿದ. ಹೇಳಿದ ದಿನಕ್ಕೆ ದರ್ಜಿ ಒಂದು ಬಟ್ಟೆಯನ್ನೂ ಕೊಟ್ಟವನಲ್ಲ, ತನ್ನ ಪ್ಯಾಂಟು ಇನ್ನೂ ಮಿಷನ್ ಮೇಲೆ ಒಂದೇ ಕಾಲಲ್ಲಿ ಕೂತಿದೆ, ಹೋಗುವುದಕ್ಕೆ ಮಾತ್ರ ಇಷ್ಟು ಅವಸರ ಮಾಡಿದ ಎಂದ. ಒಬ್ಬಿಬ್ಬರು ನಕ್ಕರು. ಮಗಳು ನಗಲಿಲ್ಲ. ಚಟ್ಟ ಎತ್ತುವ ಹೊತ್ತಿಗೆ ಪಟ್ಟಿಯಣ್ಣ ಕಾಲಿನ ಕಡೆಗೆ ಬಂದು ಹೆಗಲು ಕೊಡಲು ಬಾಗಿದ.

"ಅವರು ಬೇಡ," ಎಂದಳು ಮಗಳು. ಕೂಗಲಿಲ್ಲ. "ಬೇರೆ ಯಾರಾದ್ರೂ ಹಿಡೀರಿ."

ಪಟ್ಟಿಯಣ್ಣ ನೆಟ್ಟಗಾದ. ಬಾಗಿಲಲ್ಲಿ ನಿಂತಿದ್ದ ದರ್ಜಿಯ ಹೆಂಡತಿ ಮಗಳ ಕಡೆ ಒಂದು ಹೆಜ್ಜೆ ಇಟ್ಟು, ಏನೋ ಹೇಳಲು ಬಾಯಿ ತೆರೆದಳು. ಪಟ್ಟಿಯಣ್ಣ ಬೇಡವೆಂದು ತಲೆಯಾಡಿಸಿದ.

ಆಡಿಸಿದ ಮೇಲೆ ತನ್ನ ತಪ್ಪು ಅವನಿಗೆ ಹೊಳೆಯಿತು. ಆ ನೋವು ಬೇರೆ, ಈ ರೋಗ ಬೇರೆ ಆಗಿದ್ದರೆ ಮಗಳಿಂದ ಮುಚ್ಚಿಡುವಂಥದ್ದು ಏನಿತ್ತು? ದರ್ಜಿಯ ಹೆಂಡತಿ ಅವನನ್ನೇ ನೋಡಿದಳು. ನೋಡುತ್ತ ನೋಡುತ್ತ ಅವಳ ಬಾಯಿ ಮುಚ್ಚಿತು. ಕೈ ಹಿಂದಕ್ಕೆ ಹೋಗಿ ಬಾಗಿಲ ಚೌಕಟ್ಟನ್ನು ತಡಕಿತು.

ಅವನ ಜಾಗಕ್ಕೆ ಇಸ್ತ್ರಿಯವನು ಹೆಗಲು ಕೊಟ್ಟ. ಪಟ್ಟಿಯಣ್ಣ ಎಲ್ಲರಿಗಿಂತ ಹಿಂದೆ ನಡೆದ. ಮಣ್ಣು ಹಾಕುವಾಗಲೂ ಜನ ಕರಗಿ ಬಯಲು ಖಾಲಿಯಾಗುವವರೆಗೆ ಕಾದು, ಆಮೇಲೆ ಹಾಕಿದ.

* * *

ಅವನಿಲ್ಲದೆ ಆಸ್ಪತ್ರೆಯ ಬೆಂಚು ಬೆಳಗಿನಿಂದಲೂ ತುಂಬಿತ್ತು. ಸಾಯಂಕಾಲ ಕೈ ತೊಳೆದು ಕೂತವನು ಎಂದೂ ಇಲ್ಲದೆ ಅಂದು, ಪಟ್ಟಿ ಬಿಚ್ಚಿದ ಪ್ರತಿಯೊಂದು ಕಾಲನ್ನೂ ಬೆಳಕಿಗೆ ಹಿಡಿದು, ಹುಣ್ಣಿನ ಅಂಚನ್ನು ಒತ್ತಿ, ನೋಯುತ್ತದೆಯೇ ಎಂದು ಕೇಳಿದ. ನೋಯುವುದಿಲ್ಲವೆಂದು ಗೊತ್ತಿಲ್ಲವೇ, ಏನು ಹೊಸದಾಗಿ ಕೇಳುತ್ತೀ ಎಂದು ಕಾಲು ಚಾಚಿ ಕೂತಿದ್ದ ಕಾವಲುಗಾರ ರೇಗಿದ. ಬುಟ್ಟಿ ಹೆಣೆಯುವವನು ಇಲ್ಲವೆಂದು ತಲೆಯಾಡಿಸಿದ.

ಕೊನೆಗೆ ಉಳಿದವಳು ತರಕಾರಿ ಮಾರುವ ಅಜ್ಜಿ. ಅವಳ ಹಿಮ್ಮಡಿಯ ಹುಣ್ಣಿನ ಅಂಚು ಒಂದು ಕಡೆ ಗಟ್ಟಿಯಾಗಿ ಮೇಲೆದ್ದಿತ್ತು. ಅವನು ಒತ್ತಿದ. ಕೇಳುವ ಮೊದಲೇ ಅಜ್ಜಿ ಕಾಲೆಳೆದುಕೊಂಡು, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಅವನ ಕಿವಿಯ ಹತ್ತಿರ ಬಾಗಿದಳು.

"ಯಾರಿಗೂ ಹೇಳಿಲ್ಲ ಕಣಪ್ಪಾ. ಈಚೆಗೆ ನೋಯ್ತಿದೆ. ದೇವರಾಣೆ, ನಿಜವಾಗ್ಲೂ ನೋಯ್ತಿದೆ."

ಪಟ್ಟಿಯಣ್ಣ ಕತ್ತರಿಯನ್ನು ತಟ್ಟೆಯಲ್ಲಿ ಇಟ್ಟ. "ಅಜ್ಜಿ, ಇವತ್ತು ಮನೆಗೆ ಹೋಗ್ಬೇಡ. ಡಾಕ್ಟರು ನೋಡ್ಬೇಕು. ಇದು ಒಳ್ಳೇ ನೋವಲ್ಲ."

ಅವಳ ಕಿವಿಗೆ ಅದು ಬಿತ್ತೋ ಇಲ್ಲವೋ. ಮೊದಲ ಹಲ್ಲು ಬಂದ ಮಗು ಬಾಯಿ ತೆರೆದು ತೋರಿಸುವ ಹಾಗೆ ಕಾಲನ್ನು ಅವನತ್ತ ಇನ್ನಷ್ಟು ಚಾಚಿ, ಇಲ್ಲಿ, ಇಲ್ಲಿ, ಇಲ್ಲೂ ಸ್ವಲ್ಪ ಎಂದು ಬೆರಳಿಟ್ಟು ತೋರಿಸುತ್ತ ನಗುತ್ತಿದ್ದಳು.