ಹಲಗೆಯ ಬೆನ್ನಿನ ಕೈ

ಕಿಟಕಿಯ ಬಿಸಿಲು ಜಾರಿದಂತೆಲ್ಲ ಹಲಗೆಯ ಮೇಲಿನ ಅಲೆಗಳೂ ಜಾರುತ್ತವೆ, ತಲೆ ಎಡಕ್ಕೆ ವಾಲಿಸಿದರೆ ಕಪ್ಪಾಗಿದ್ದ ಗೆರೆ ಬಂಗಾರ, ಬಲಕ್ಕೆ ವಾಲಿಸಿದರೆ ಬಂಗಾರವೇ ಕಪ್ಪು, ಎಷ್ಟು ಸಲ ನೋಡಿದರೂ ಈ ಮರ ಅವಳನ್ನು ಮಂಗ ಮಾಡುತ್ತದೆ — ಆದರೆ ಗಿಟಾರಿನ ಭುಜದ ಕಚ್ಚು, ಅಯ್ಯೋ, ಕಚ್ಚು ಯಾವ ಕಡೆ ಬಂದಿದೆ, ಬಲಕ್ಕೆ ಬಂದುಬಿಟ್ಟಿದೆ, ತಮ್ಮನಿಗೆ ಬೇಕಾದದ್ದು ಎಡಕ್ಕೆ. ಬೆರಳು ತಂತಿಯ ಕೆಳಗಿನ ಕೊನೆಯ ಮನೆಗಳವರೆಗೆ ಹೋಗಲೆಂದು ಗಿಟಾರಿಗೆ ತೆಗೆಯುವುದು ಒಂದೇ ಒಂದು ಕಚ್ಚು, ಅದನ್ನೇ ಉಲ್ಟಾ ಕತ್ತರಿಸಿ ಕೂತಿದ್ದಾಳೆ, ಇಪ್ಪತ್ತು ವರ್ಷ ಇದನ್ನೇ ಮಾಡಿಕೊಂಡು ಬಂದವಳು. ಊಟ ಮುಗಿಸಿ ಬರ್ತೀನಿ ಅಕ್ಕ, ಬರೀ ನೋಡೋಕೆ, ಮುಟ್ಟಲ್ಲ ಅಂದಿದ್ದಾನೆ. ಹಲಗೆಯನ್ನು ತಿರುಗಿಸಿ ಗಿಟಾರಿನ ಒಡಲಿಗೆ ಅಂಟಿಸಿದರೆ ಮುಗಿಯಿತಲ್ಲ — ಮುಗಿಯುವುದಿಲ್ಲ, ಮೂರು ದಿನ ಕೂತು ಮುಖವನ್ನು ಉಬ್ಬಾಗಿ ಹೆರೆದಿದ್ದಾಳೆ, ಉಬ್ಬನ್ನು ಒಳಗೆ ಹಾಕಿ ಯಾರು ಅಂಟಿಸುತ್ತಾರೆ, ಇನ್ನೊಂದು ತರೋಣವೆಂದರೆ ಮರದ ಅಂಗಡಿಯವನು ಅಂದೇ ಹೇಳಿದ್ದ, ಇಂಥದ್ದು ಇದೊಂದೇ ತುಂಡು ಕಣಮ್ಮ.

ತಪ್ಪು ಹೇಗಾಯಿತೆಂದು ಕೇಳಿದರೆ ಹೇಳಲು ಬರುತ್ತದೆ, ಅಲೆಗಳಿರುವ ಮುಖಕ್ಕೆ ಪೆನ್ಸಿಲ್ ತಾಗಿಸಲು ಮನಸ್ಸಾಗದೆ ಹಲಗೆ ಮಗುಚಿ ಬೆನ್ನ ಮೇಲೆ ಗಿಟಾರಿನ ಆಕಾರದ ಅಚ್ಚು ಇಟ್ಟು ಗೆರೆ ಎಳೆದಳು, ಹಲಗೆ ಮಗುಚಿದರೆ ಅಚ್ಚನ್ನೂ ಮಗುಚಬೇಕು, ಕಲಿಯಲು ಬಂದವರಿಗೆಲ್ಲ ಮೊದಲ ವಾರವೇ ಹೇಳಿಕೊಡುವ ಮಾತು, ಅದನ್ನು ಮರೆತಳು. ತಮ್ಮನಿಗೂ ಹೀಗೇ ಹೇಳಬಹುದು, ಏನೇ ಅಕ್ಕ, ಮರಹುಳ, ನಿಂಗೂ ಮರೆವು ಶುರುವಾಯ್ತಾ ಅಂತ ನಗುತ್ತಾನೆ, ಅವನು ಎಲ್ಲಕ್ಕೂ ನಗುತ್ತಾನೆ, ಆಸ್ಪತ್ರೆಯಲ್ಲೂ ನಕ್ಕ, ಇನ್ಮೇಲೆ ಎಂಟರವರೆಗೆ ಎಣಿಸಿದ್ರೆ ಸಾಕು ಬಿಡು ಅಂದ, ಅವಳು ಗೋಡೆ ನೋಡಿದಳು. ಕರೆದದ್ದು ಅವಳೇ. ಹೋದ ವರ್ಷ ಇದೇ ಹಲಗೆಯನ್ನು ತೆಳ್ಳಗೆ ಎರಡಾಗಿ ಸೀಳಿ, ಪುಸ್ತಕದಂತೆ ಬಿಡಿಸಿಟ್ಟು, ಸ್ಪಿರಿಟ್ ಅದ್ದಿದ ಬಟ್ಟೆಯಲ್ಲಿ ಒರೆಸಿದಾಗ ಎರಡೂ ಹಾಳೆಗಳಲ್ಲಿ ಒಂದೇ ಅಲೆ ಎದುರುಬದುರು ಎದ್ದಿತು, ಖುಷಿ ತಡೆಯಲಾಗಲಿಲ್ಲ, ಏಯ್ ಇಲ್ನೋಡೋ, ಅವನು ಕರೆಂಟಿನ ಗರಗಸದ ಮುಂದೆ ನಿಂತು ಗಿಟಾರಿನ ಕತ್ತು ಕೊಯ್ಯುತ್ತಿದ್ದ, ನೋಡಿದ. ಎಡಗೈಯದು, ಕಿರುಬೆರಳು, ಉಂಗುರದ ಬೆರಳು. ಮರದ ಹೊಟ್ಟಿನ ಮೇಲೆ ಎರಡು ಬೆರಳು — ಬೇಡ, ಅದು ಬೇಡ ಈಗ. ಆರು ತಿಂಗಳು ಅವನು ತಂತಿ ಮುಟ್ಟಲಿಲ್ಲ, ಆಮೇಲೊಂದು ದಿನ ಬಂದು ಕೂತ, ಅಕ್ಕ, ನಂಗೆ ಉಲ್ಟಾ ಗಿಟಾರ್ ಮಾಡ್ಕೊಡು, ಬಲಗೈಲಿ ಒತ್ತೋದು ಕಲೀತೀನಿ, ಮೀಟೋಕೆ ಮೂರು ಬೆರಳು ಧಾರಾಳ, ಆದ್ರೆ ಆ ಹಲಗೇನೇ ಹಾಕ್ಬೇಕು. ಅದನ್ನಾ. ಹ್ಞೂಂ, ಅದನ್ನೇ, ಇಲ್ಲಾಂದ್ರೆ ನೀನದನ್ನ ಒಲೆಗೆ ಹಾಕ್ತೀಯ, ಗೊತ್ತು ನಂಗೆ. ಹಾಕುತ್ತಿದ್ದಳು, ನಿಜ.

ದಾರಿ ಇಲ್ಲದಿಲ್ಲ, ಎಡ ಭುಜಕ್ಕೂ ಅಂಥದ್ದೇ ಕಚ್ಚು ತೆಗೆದರೆ ಎರಡು ಕೊಂಬಿನ ಗಿಟಾರ್ ಆಗುತ್ತದೆ, ಜೋಡಿಸಿದ ಹಾಳೆಗಳ ಎರಡೂ ಕಡೆ ಒಂದೇ ಅಲೆ, ಬೇಕೆಂದೇ ಮಾಡಿದಂತೆ ಕಾಣುತ್ತದೆ, ಎದೆ ಕೊಂಚ ಹಗುರಾಗಿ ಹಲಗೆ ಮಗುಚುತ್ತಾಳೆ, ಅಚ್ಚು ಇಡುತ್ತಾಳೆ — ಅಲ್ಲಿ ಕೈ. ಹಲಗೆ ಕೊಂಡು ತಂದ ದಿನ, ಇನ್ನೂ ಸೀಳಿರಲಿಲ್ಲ, ಇದು ನಂದು ಅಂತ ತಮ್ಮ ಎಡಗೈ ಅಗಲಿಸಿ ಇಟ್ಟಿದ್ದ, ಅಲ್ಲಾಡಬೇಡ್ವೋ, ಅವಳು ಸುತ್ತಲೂ ಪೆನ್ಸಿಲ್ ಎಳೆದಿದ್ದಳು, ಕಚಗುಳಿ ಆಗುತ್ತೆ ಕಣೇ ಅಕ್ಕ, ಐದೂ ಬೆರಳು ಹಾಗೇ ಇವೆ. ಅಚ್ಚಿನ ಅಂಚು ಕಿರುಬೆರಳಿನ ಮೇಲೆ ಹಾದು, ಉಂಗುರದ ಬೆರಳಿನ ಮೇಲೆ ಹಾದು — ಹಾಗಾದರೆ ಮೊನ್ನೆ, ಮೊನ್ನೆ ಅಚ್ಚನ್ನು ಮೊದಲು ಸರಿಯಾಗಿಯೇ ಮಗುಚಿ ಇಟ್ಟಿದ್ದಳಲ್ಲ, ಏನೋ ಸರಿಯಿಲ್ಲವೆನಿಸಿ ಮತ್ತೆ ತಿರುಗಿಸಿದಳು, ಮರೆವಲ್ಲ, ಮರೆವು ಎಲ್ಲಿಂದ ಬರಬೇಕು, ಈ ಬೆರಳುಗಳನ್ನು ಕೊಯ್ಯಲಾರದೆ ಆ ಕಡೆ ಕೊಯ್ದಳು. ಇನ್ನು ಆ ಕಡೆ ಇಲ್ಲ. ಗರಗಸ ಹಾಕುತ್ತಾಳೆ, ಗೆರೆಯನ್ನಷ್ಟೇ ನೋಡು, ಗೆರೆ, ಗೆರೆ, ಕಣ್ಣಂಚಿನಲ್ಲಿ ಬಾಗಿಲು ಕಪ್ಪಾಗುತ್ತದೆ, ಬಂದಿದ್ದಾನೆ, ಊಟಕ್ಕೂ ಮೊದಲೇ, ಹೊಸಿಲಲ್ಲೇ ನಿಂತಿದ್ದಾನೆ, ಗರಗಸ ಓಡುತ್ತಿರುವವರೆಗೂ ಕರೆಯುವುದಿಲ್ಲ, ಉಸಿರೂ ಬಿಡದವನಂತೆ ನಿಂತಿದ್ದಾನೆ, ಅವಳು ಅಂದು ನಿಲ್ಲಬಹುದಿತ್ತಲ್ಲ ಹೀಗೆ, ಒಂದು ನಿಮಿಷ, ಬಾಯಿ ಮುಚ್ಚಿಕೊಂಡು — ತುಂಡು ಕಳಚಿ ಪೆನ್ಸಿಲ್ ಗೆರೆ ಮೇಲಾಗಿ ಕೆಳಗೆ ಬೀಳುತ್ತದೆ, ಗರಗಸ ನಿಲ್ಲುತ್ತದೆ, ಇಬ್ಬರೂ ನೆಲ ನೋಡುತ್ತಾರೆ, ಹೊಟ್ಟಿನ ಮೇಲೆ ಎರಡು ಬೆರಳು, ಹೊಟ್ಟಿನ ಮೇಲೆ ಎರಡು ಬೆರಳು