ನಲವತ್ತು ಅಕ್ಷರದ ಮೊಹರು

ಕಾಗದವನ್ನು ಹರಿಪ್ರಿಯಾ ಮೂರು ಸಲ ಓದಿದಳು. ಮೂರು ಸಲವೂ ಅದು ಕಾಕಾ ಜಯತೀರ್ಥನ ಹೆಸರಿಗೇ ಬಂದಿತ್ತು.

ಸೇಡಂ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿದ್ದ ಅವನ ಕಂಪ್ಯೂಟರ್ ಸೆಂಟರಿನಲ್ಲಿ ಪ್ರಿಂಟರಿನ ಹಿಂದೆ ಬಿದ್ದಿದ್ದ ಹಾಳೆ ಅದು. ಯಾರೋ ಎರಡು ಪ್ರತಿ ತೆಗೆದು ಒಂದನ್ನು ಮರೆತಿದ್ದರು. ಬರೆದವನು ಕಪಿಲ ಎಂಬಾತ. ಗುರುವಾರ ಪುಣೆಯಿಂದ ಮದ್ರಾಸಿಗೆ ಹೊರಟಿರುವುದಾಗಿಯೂ, ಗಾಡಿ ವಾಡಿ ಜಂಕ್ಷನ್ನಿನಲ್ಲಿ ಹತ್ತು ನಿಮಿಷ ನಿಲ್ಲುವುದಾಗಿಯೂ, ಜಯತೀರ್ಥ ಅವರು ಗುರುತಿನ ಚೀಟಿ ಮತ್ತು ಮೊಹರಿನ ನಲವತ್ತು ಅಕ್ಷರ ಬರೆದ ಕಾಗದ ಹಿಡಿದು ಎಸ್-ಆರು ಡಬ್ಬಿಯ ಹತ್ತಿರ ಬಂದರೆ ತಾನು ಕಣ್ಣಾರೆ ನೋಡಿ ಸಹಿ ಹಾಕುವುದಾಗಿಯೂ ಬರೆದಿದ್ದ. ಅಲ್ಲಿಂದ ಮುಂದೆ ಪಂಚಾಂಗದ ಕಂಪ್ಯೂಟರ್ ಪ್ಯಾಕೇಜು ಜಯತೀರ್ಥ ಅವರ ವಶ.

ಆ ಪ್ಯಾಕೇಜಿನ ಒಂದು ಸಾಲನ್ನೂ ಜಯತೀರ್ಥ ಮುಟ್ಟಿರಲಿಲ್ಲ.

ಎರಡು ವರ್ಷದ ಹಿಂದೆ ಸೆಂಟರಿನ ಒಂದು ಮಷೀನಿಗೆ ಹರಿಪ್ರಿಯಾ ಒಂದು ಮುಕ್ತ ಸಾಫ್ಟ್‌ವೇರ್ ಹಾಕಿದ್ದಳು. ಒಬ್ಬರ ಮುಖ ಒಬ್ಬರು ನೋಡಿರದ ಊರೂರಿನ ಜನ ಸೇರಿ ಬರೆದು, ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟದ್ದು. ಅದರೊಳಗಿನ ಸಾವಿರಾರು ಪ್ರೋಗ್ರಾಮುಗಳ ನಡುವೆ ಮೂಲೆಯಲ್ಲಿ ಒಂದು ಪಂಚಾಂಗ ಸಿಕ್ಕಿತು. ನೋಡಿಕೊಳ್ಳುವವರ ಹೆಸರು ಇರಬೇಕಾದ ಕಡೆ ‘ಅನಾಥ’ ಎಂದಿತ್ತು. ತಿಥಿ ಸರಿ ಇದ್ದವು, ಏಕಾದಶಿ ಸರಿ ಇರಲಿಲ್ಲ. ಅದು ಸೂರ್ಯ ಹುಟ್ಟುವ ಹೊತ್ತಿನ ತಿಥಿ ಮಾತ್ರ ನೋಡುತ್ತಿತ್ತು. ಅವರ ಮನೆಯ ಪದ್ಧತಿ ಹಾಗಲ್ಲ. ಸೂರ್ಯೋದಯಕ್ಕೆ ನಾಲ್ಕು ಗಳಿಗೆ ಮೊದಲು, ಅಂದರೆ ತೊಂಬತ್ತಾರು ನಿಮಿಷ ಮೊದಲು, ದಶಮಿಯ ಸೋಂಕು ಎಳ್ಳಷ್ಟಿದ್ದರೂ ಉಪವಾಸ ಮರುದಿನಕ್ಕೆ ಹೋಗಬೇಕು. ಹರಿಪ್ರಿಯಾ ಆ ತೊಂಬತ್ತಾರು ನಿಮಿಷವನ್ನು ಪ್ರೋಗ್ರಾಮಿಗೆ ಕಲಿಸಿದಳು. ನಾಸಿಕದಿಂದ, ಕುಂಭಕೋಣದಿಂದ ಜನ ಬರೆದರು, ಜಗಳ ತೆಗೆದರು, ಒಪ್ಪಿದರು. ಅವಳು ಪ್ರತಿಯೊಬ್ಬರಿಗೂ ಉತ್ತರ ಕೊಟ್ಟಳು. ಸೆಂಟರಿಗೆ ಇದ್ದದ್ದು ಒಂದೇ ಇ-ಮೇಲ್ ವಿಳಾಸ, ಅದು ಜಯತೀರ್ಥನ ಹೆಸರಿನಲ್ಲಿ. ಒಮ್ಮೆ ಪತ್ರದ ಕೆಳಗೆ ತನ್ನ ಹೆಸರು ಬರೆದಾಗ ಕಾಕಾ ಅಳಿಸಿದ್ದ. ಸೆಂಟರಿನ ಪತ್ರಕ್ಕೆ ಸೆಂಟರಿನ ಹೆಸರೇ ಇರಬೇಕು ಎಂದಿದ್ದ. ಆಗ ಅವಳಿಗೆ ಅದು ದೊಡ್ಡದೆನಿಸಿರಲಿಲ್ಲ.

ಈಗ ಆ ಅನಾಥ ಪಂಚಾಂಗಕ್ಕೆ ಒಂದು ದಿಕ್ಕು ಬೇಕೆಂದು ಆ ಸಾಫ್ಟ್‌ವೇರಿನ ಜನರೇ ಕೇಳಿದ್ದರು. ಕಪಿಲ ಅವರಲ್ಲೊಬ್ಬ. ತಿದ್ದಿದ್ದನ್ನು ಕಳಿಸುವವರು ಅವರೇ ಹೌದೆಂದು ತಿಳಿಯಲು ಪ್ರತಿಯೊಬ್ಬರೂ ಕಂಪ್ಯೂಟರಿನಲ್ಲಿ ಒಂದು ಮೊಹರು ಹುಟ್ಟಿಸಿಕೊಳ್ಳಬೇಕು. ಅದರ ಗುರುತು ಅಂಕಿಯೂ ಬೆರೆತ ನಲವತ್ತು ಅಕ್ಷರ. ಅದು ಇಂಥವರದೇ ಎಂದು ಆಗಲೇ ಒಳಗಿರುವವರೊಬ್ಬರು ಎದುರು ನಿಂತು, ಮುಖ ನೋಡಿ, ಅಕ್ಷರ ಒಯ್ದು ತಮ್ಮ ಮಷೀನಿನಲ್ಲಿ ಸಹಿ ಹಾಕಬೇಕು. ತಾನೇ ಹಾಕಿಕೊಳ್ಳಲು ಬರುವುದಿಲ್ಲ. ಹರಿಪ್ರಿಯಾ ಹೋದ ಶ್ರಾವಣದಲ್ಲೇ ತನ್ನ ಮೊಹರು ಮಾಡಿ ಕೆಂಪು ಫ್ಲಾಪಿಗೆ ಹಾಕಿ, ಅಕ್ಷರ ಬರೆದ ಕಾಗದದ ಜೊತೆ ಸೆಂಟರಿನ ಡ್ರಾಯರಿನಲ್ಲಿ ಇಟ್ಟಿದ್ದಳು. ಹದಿನೈದು ದಿನದ ಹಿಂದೆ ಕಾಕಾ, “ನನಗೂ ಅದೊಂದು ಮಾಡೂದು ಕಲಸು, ವಯಸ್ಸಾದ ಮ್ಯಾಲ ಕಲೀಬಾರದೇನು?” ಎಂದಾಗ ಪಕ್ಕದಲ್ಲಿ ಕೂತು ಅಕ್ಕರೆಯಿಂದ ಕಲಿಸಿದ್ದಳು. ಅವನು ಕಲಿತದ್ದು ಯಾಕೆಂದು ಈಗ ಹೊಳೆಯಿತು. ಕಾಗದವನ್ನು ಅವನ ಮುಂದಿಟ್ಟಳು.

“ಕಾಕಾ, ಇದು ಯಾವಾಗ ಬಂತ್ರಿ?”

ಜಯತೀರ್ಥ ಚಷ್ಮಾ ಒರೆಸುತ್ತಿದ್ದವನು ನಿಲ್ಲಿಸಲಿಲ್ಲ. “ಸೋಮವಾರ ಬಂದದ. ಹೇಳೋಣ ಅಂತಿದ್ದೆ.”

“ಇವತ್ತ ಬುಧವಾರ ಅದ.”

“ಅದ. ನಾಳೆ ನಾ ವಾಡಿಗಿ ಹೋಗಿ ಮುಗಿಸ್ಕೊಂಡ ಬರ್ತೀನಿ. ನೀ ಹತ್ತರ ಬ್ಯಾಚ್ ನೋಡ್ಕೋ.”

“ಹೋಗಿ ಏನಂತೀರಿ? ನಾ ತಿದ್ದೀನಿ ಅಂತೀರೇನು?”

“ಸೆಂಟರ್ ತಿದ್ದ್ಯದ. ಸೆಂಟರ್ ಯಾರದು? ನಿಮ್ಮಪ್ಪ ಹೋದ ಮ್ಯಾಲ ನಿನ್ನ ಮಷೀನ್ ಮುಂದ ಕೂಡಿಸ್ದವ್ರು ಯಾರು?”

ಕೂಡಿಸಿದವನು ಅವನೇ. ಅದು ಸುಳ್ಳಲ್ಲ ಎಂಬುದಕ್ಕೇ ಅವಳ ಸಿಟ್ಟು ಇನ್ನಷ್ಟು ಏರಿತು. ಜಯತೀರ್ಥ ಚಷ್ಮಾ ಏರಿಸಿಕೊಂಡು ಭಜನಾ ಮಂಡಳಿಯಲ್ಲಿ ಮಾತಾಡುವ ದನಿ ತೆಗೆದ. ಅದೇ ಮಂಡಳಿ ಹೋದ ತಿಂಗಳು ‘ಕಂಪ್ಯೂಟರ್ ಪಂಚಾಂಗ ಮಾಡಿದವರು’ ಎಂದು ಅವನಿಗೆ ಶಾಲು ಹೊದಿಸಿತ್ತು.

“ಹೆಸರಿನ ಹುಚ್ಚು ಇರಬಾರದವಾ. ಸೇವಾ ಅಂದ್ರ ಸೇವಾ. ದಾಸರು ಹೆಸರು ಬಯಸಿದ್ರೇನು?”

“ಪ್ರತಿ ಪದದ ಕಡೀಗಿ ಅಂಕಿತ ಅದಲ್ರಿ.”

“ಅದು ದೇವರ ಹೆಸರು.”

“ಹೌದ್ರಿ. ನಿಮ್ಮದಲ್ಲ.”

ಜಯತೀರ್ಥನ ಕಿವಿ ಕೆಂಪಾದವು. “ಮುಂದ ನಿನ್ನ ಲಗ್ನ ಆಗ್ತದ. ಗಂಡನ ಮನ್ಯಾಗ ಅಕ್ಕಿಯೊಳಗ ಬ್ಯಾರೆ ಹೆಸರು ಬರೀತಾರ. ಆಗ ಈ ಹರಿಪ್ರಿಯಾ ಅನ್ನಾಕಿ ಎಲ್ಲಿರ್ತಾಳ? ಇಲ್ಲದಾಕಿ ಹೆಸರು ದಫ್ತರದಾಗ ಇಟ್ಟು ಆ ಮಂದಿ ಏನ್ ಮಾಡ್ಬೇಕು? ನಡಿ, ಮನಿಗಿ ನಡಿ.” ಅವಳು ಡ್ರಾಯರಿನ ಕಡೆ ತಿರುಗುವಷ್ಟರಲ್ಲಿ ಲೈಟು ಆರಿಸಿದ. ಶಟರ್ ಎಳೆದು, ಬೀಗ ಹಾಕಿ, ಕೀಲಿಕೈಯನ್ನು ಎಂದಿನಂತೆ ಜನಿವಾರಕ್ಕೆ ಕಟ್ಟಿಕೊಂಡ. ಅದು ಅಂಗಿಯೊಳಗೆ ಇಳಿದು ಕಾಣದಾಯಿತು.

ಮನೆಗೆ ಬಂದವಳೇ ಕೊಡವನ್ನು ಬಚ್ಚಲ ಕಟ್ಟೆಯ ಮೇಲೆ ಕುಕ್ಕಿದಳು.

“ಕೊಡಾ ಏನ್ ಮಾಡ್ಯದವಾ ಪಾಪ,” ಎಂದಳು ಆಯಿ. ಪದ್ಮಾಬಾಯಿ, ಜಯತೀರ್ಥನ ತಾಯಿ, ಹರಿಪ್ರಿಯಾಳಿಗೆ ಅಪ್ಪನ ತಾಯಿ. ಕಣ್ಣಿಗೆ ಪೊರೆ ಬಂದು ನಾಲ್ಕು ವರ್ಷ. ಮಗ ಬೇರೆ ಮನೆ ಮಾಡಿಕೊಂಡಿದ್ದ. ಆಯಿ ಮೊಮ್ಮಗಳ ಜೊತೆ, ಬಾಯಿಪಾಠದ ನೂರಾರು ಪದಗಳ ಜೊತೆ ಇಲ್ಲಿದ್ದಳು.

ಹರಿಪ್ರಿಯಾ ಎಲ್ಲವನ್ನೂ ಹೇಳಿದಳು. ಅಕ್ಕಿಯ ಮಾತು ಬಂದಾಗ ಆಯಿ ಬತ್ತಿ ಹೊಸೆಯುತ್ತಿದ್ದ ಕೈ ನಿಲ್ಲಿಸಿದಳು.

“ಹದಿಮೂರು ವರ್ಷ ನಾ ತುಂಗಾ ಇದ್ದೆ. ಮದಿವಿ ದಿನ ತಾಟಿನಾಗಿನ ಅಕ್ಕಿಯೊಳಗ ಉಂಗುರದ್ಲೆ ಪದ್ಮಾ ಅಂತ ಬರದ್ರು. ಮರದಿನ ಅದೇ ಅಕ್ಕಿ ಅನ್ನ ಮಾಡಿ ಎಲ್ಲಾರೂ ಉಂಡ್ವಿ.”

“ಸಿಟ್ಟು ಬರ್ಲಿಲ್ಲೇನು ಆಯಿ?”

“ಬಂತು. ಬಂದಾಗೆಲ್ಲಾ ಒಂದು ಪದ ಅಂದೆ. ಇಷ್ಟು ಪದ ಬಾಯಿಗಿ ಹೆಂಗ ಬಂದಾವ ಅಂತ ಮಾಡಿ?” ಆಯಿ ಮತ್ತೆ ಹತ್ತಿ ಹಿಂಜಿದಳು. “ಕಾಗದ ಸೆಂಟರಿನಾಗ ಉಳೀತು ಅಂತೀದಿ. ಬಾಯಾಗ ಇಲ್ಲೇನು?”

ಇತ್ತು. ಮೊಹರು ಮಾಡಿದ ದಿನದಿಂದ ಇತ್ತು. ಈ ಮನೆಯಲ್ಲಿ ಕಳೆಯಬಾರದ್ದನ್ನು ಯಾರೂ ಕಾಗದವನ್ನು ನಂಬಿ ಬಿಟ್ಟಿದ್ದಿಲ್ಲ. ನಾಲ್ಕು ನಾಲ್ಕು ಅಕ್ಷರದ ಹತ್ತು ತುಂಡು ಮಾಡಿ, ಮುಂಜಾನೆ ಆಯಿ ಪದ ಹೇಳುವಾಗ ಅದೇ ಧಾಟಿಯಲ್ಲಿ ಹರಿಪ್ರಿಯಾ ಮನಸ್ಸಿನೊಳಗೆ ಹೇಳಿಕೊಳ್ಳುತ್ತಿದ್ದಳು.

“ಅದ,” ಎಂದಳು.

“ಮುಂಜಾನಿ ಪ್ಯಾಸೆಂಜರ್ ಎಷ್ಟಕ್ಕದ?” ಎಂದಷ್ಟೇ ಕೇಳಿದಳು ಆಯಿ.

ವಾಡಿಯಲ್ಲಿ ಬೇವಿನ ಎಲೆಯ ಮೇಲೂ ಸಿಮೆಂಟಿನ ಬೂದಿ. ಜಯತೀರ್ಥ ಮೊದಲ ಬಸ್ಸಿಗೇ ಬಂದಿದ್ದ. ಇಸ್ತ್ರಿ ಅಂಗಿ, ಬಗಲಲ್ಲಿ ಫೈಲು, ಕೈಯಲ್ಲಿ ಪೇಢೆಯ ಡಬ್ಬಿ. ಪ್ಯಾಸೆಂಜರ್ ಇಳಿದು ಬಂದ ಅವಳನ್ನು ನೋಡಿ ಸುತ್ತ ಪರಿಚಯದವರು ಇದ್ದಾರೇನೋ ಎಂದು ಕಣ್ಣಾಡಿಸಿದ.

“ಮಂದಿ ನೋಡ್ಲಿಕತ್ತಾರ. ಮನಿಗಿ ನಡಿ.”

“ನೋಡ್ಲಿ. ಗಾಡಿ ಬರ್ಲಿ.”

ಗಾಡಿ ಬಂತು. ಎಸ್-ಆರರಿಂದ ಬಟ್ಟೆ ಚೀಲ ಹೆಗಲಿಗೆ ಹಾಕಿದ ಸಣಕಲು ಮನುಷ್ಯನೊಬ್ಬ ಇಳಿದ. ಮೂವತ್ತೈದರ ಸುಮಾರು.

“ಜಯತೀರ್ಥರು ಯಾರ್ರಿ?”

“ನಾನೇ. ಬರ್ರಿ ಬರ್ರಿ. ನಮ್ಮ ಕಡೆ ಮಾತು ಭಾಳ ಛಲೋ ಆಡ್ತೀರಲ್ಲ. ಯಾವೂರಾತ್ರಿ?”

“ಸನ್ನತಿ.”

“ಆಹಾ, ದೇವಿ ಊರು. ಗುಡಿ ಮನೆತನದವ್ರೇನು?” ಜಯತೀರ್ಥ ಡಬ್ಬಿಯ ಮುಚ್ಚಳ ತೆಗೆದ.

“ಅಲ್ಲರಿ. ನಮ್ಮದು ಊರ ಹೊರಗಿನ ಓಣಿ. ನಮ್ಮಪ್ಪ ಮಾಣಿಕಪ್ಪ. ಬುದ್ಧನ ಕಲ್ಲು ಅಗ್ಯಾಕ ಸರಕಾರದವ್ರು ಬಂದಾಗ ಮಣ್ಣಿನ ಬುಟ್ಟಿ ಹೊತ್ತಾನ.”

ಮುಚ್ಚಳ ಮೆಲ್ಲಗೆ ಡಬ್ಬಿಯ ಮೇಲೆ ವಾಪಸು ಕೂತಿತು. ಕಪಿಲ ಅದನ್ನು ನೋಡಿದ. ಎಷ್ಟೋ ಸಲ ನೋಡಿದವನಂತೆ ನೋಡಿ, ಚೀಲದಿಂದ ಪೆನ್ನು ತೆಗೆದ. ಹರಿಪ್ರಿಯಾಳ ಮುಖಕ್ಕೆ ರಕ್ತ ಏರಿತು. ಇವನ ಕೈಯ ಸಹಿ ಬೇಕು, ಇವನ ಕೈಗೆ ಒಂದು ಪೇಢೆ ಕೊಡಲಾಗದು. ಅದೂ ತನ್ನ ರಕ್ತದ ಕಾಕಾನೇ. ನಾಲಿಗೆಯ ತುದಿಗೆ ಬಂದದ್ದನ್ನು ಹಲ್ಲು ಕಚ್ಚಿ ಹಿಡಿದಳು. ಗಾಡಿ ನಿಲ್ಲುವುದು ಹತ್ತೇ ನಿಮಿಷ.

ಕಪಿಲ ಜಯತೀರ್ಥನ ಚೀಟಿ ನೋಡಿ, ನಲವತ್ತು ಅಕ್ಷರದ ಕಾಗದ ತೆಗೆದುಕೊಂಡ. “ಒಂದು ಕೇಳೂದಿತ್ತು. ಹೋದ ಕಾರ್ತಿಕದಾಗ ಒಂದು ಏಕಾದಶಿ ಒಂದಿನ ಮುಂದ ಹೋಗಿತ್ತು. ನಾಸಿಕದವ್ರು ಬಯ್ದು ಬರದಿದ್ರು. ನೀವು ಎಂಟು ದಿವಸದಾಗ ತಿದ್ದಿ ಕಳಸಿದ್ರಿ. ಏನಾಗಿತ್ತದು?”

“ತಪ್ಪೇನ್ರಿ?” ಜಯತೀರ್ಥ ನಕ್ಕ. “ನಾಕು ತಲಿಮಾರಿಂದ ಏಕಾದಶಿ ಮಾಡ್ಲಿಕತ್ತೀವಿ. ನಮ್ಮ ಪಂಚಾಂಗದಾಗ ತಪ್ಪು ಆಗಂಗಿಲ್ಲ. ನೋಡಿದವ್ರೇ ಎಡವಿರ್ಬೇಕು.”

“ತಪ್ಪು ಆಗಿತ್ರಿ,” ಎಂದಳು ಹರಿಪ್ರಿಯಾ. “ನಾನೇ ಮಾಡಿದ್ದು.”

ಕಪಿಲ ಮೊದಲ ಸಲ ಅವಳ ಕಡೆ ತಿರುಗಿದ.

“ತೊಂಬತ್ತಾರು ನಿಮಿಷ ನಾ ಕಳದೆ. ಒಳಗಿನ ಲೆಕ್ಕದಾಗ ನಾನೇ ಹಿಂದ ಒಮ್ಮೆ ಕಳದಿದ್ದೆ, ನೋಡ್ಲಿಲ್ಲ. ಎರಡು ಸಲ ಕಳದಂಗಾತು. ಇಲ್ಲದ ದಶಮಿ ಕಾಣಿಸ್ತು, ಉಪವಾಸ ಮರದಿನಕ್ಕ ಹೋತು.”

“ಹೌದು,” ಎಂದ ಕಪಿಲ ಮೆಲ್ಲಗೆ. “ತಿದ್ದಿದ್ದೂ ಅದೇ ಸಾಲು. ನಿಮಗ ಹೆಂಗ ಗೊತ್ತಾತು? ನಾಸಿಕದ ಪತ್ರಕ್ಕಿಂತ ಮೊದಲೇ ನಿಮ್ಮ ಪತ್ರ ಬಂದಿತ್ತು.”

“ನಮ್ಮ ಆಯಿಗಿ ಕಣ್ಣು ಕಾಣಂಗಿಲ್ಲ. ಇವತ್ತ ಏಕಾದಶಿ ಅಲ್ಲ ಅಂತ ನಾ ಹೇಳ್ದೆ. ನನ್ನ ಮಾತು ನಂಬಿ ಅನ್ನ ಉಂಡ್ಳು. ಸಂಜೀಕ ಓಣ್ಯಾಗ ಭಜನಿ ಕೇಳಿದ ಮ್ಯಾಲ ಗೊತ್ತಾತು. ಎಂಟನೇ ವರ್ಷದಿಂದ ಹಿಡದ ವ್ರತ, ಮೊದಲ್ನೇ ಸಲ ತಪ್ತು. ಎರಡು ದಿನ ನೀರಿನ ಮ್ಯಾಲಿದ್ಳು. ನನಗ ಒಂದು ಮಾತು ಅನ್ಲಿಲ್ಲ, ತಿದ್ದು ಅಂದ್ಳು ಅಷ್ಟ.”

ಜಯತೀರ್ಥನ ಬಾಯಿ ತೆರೆಯಿತು. “ನಮ್ಮವ್ವ? ಏಕಾದಶಿ ದಿನ?”

“ನೀವು ಅವತ್ತ ಉಪವಾಸ ಇದ್ರಿ ಕಾಕಾ.” ಅವಳು ದನಿ ಏರಿಸಲಿಲ್ಲ. ಒಂದೊಂದು ಮಾತೂ ಹಲ್ಲಿನ ನಡುವಿನಿಂದ ಬಂತು. “ನಿಮ್ಮ ಮನಿ ಗ್ವಾಡಿ ಮ್ಯಾಲ ಅಚ್ಚಿನ ಪಂಚಾಂಗ ಅದ. ಇದನ್ನ ನೀವು ಒಂದಿನಾನೂ ತೆರದು ನೋಡಿಲ್ಲ. ನೋಡಿದ್ರ ನಿಮಗೂ ತಪ್ತಿತ್ತು.”

ಎಂಜಿನ್ ಕೂಗಿತು. ಕಪಿಲ ಜಯತೀರ್ಥನ ಕಾಗದವನ್ನು ಮಡಚಿ ವಾಪಸು ಚಾಚಿದ. “ಇದು ನಿಮ್ಮ ಹತ್ರನೇ ಇರ್ಲಿ ರೀ.” ಆಮೇಲೆ ಅವಳಿಗೆ, “ಚೀಟಿ ಅದ ಏನ್ರಿ? ಮೊಹರಿನ ಕಾಗದ?”

ಅವಳು ಮತದಾರರ ಚೀಟಿ ಕೊಟ್ಟಳು. “ಕಾಗದ ಸೆಂಟರಿನಾಗ ಅದ. ಕೀಲಿಕೈ ಇವ್ರ ಜನಿವಾರದಾಗ ಅದ. ನೀವು ಬರಕೋರಿ.”

ಚೀಟಿಯ ಹೆಸರು, ಚೀಟಿಯ ಮುಖ, ಎದುರಿನ ಮುಖ ಕಪಿಲ ಎರಡೆರಡು ಸಲ ನೋಡಿದ. ಅಂಗೈ ಮೇಲೆ ನೋಟ್‌ಬುಕ್ ಇಟ್ಟುಕೊಂಡ. ಹರಿಪ್ರಿಯಾ ಕಣ್ಣು ಮುಚ್ಚಿ ಶುರು ಮಾಡಿದಳು. “ಏಳು ಸಿ ನಾಲ್ಕು ಒಂದು. ಬಿ ಸೊನ್ನೆ ಒಂಬತ್ತು ಎಫ್.” ಆಯಿಯ ಧಾಟಿ ತಾನಾಗಿ ಬಂತು, ನಿಲ್ಲುವಲ್ಲಿ ನಿಂತು, ಎಳೆಯುವಲ್ಲಿ ಎಳೆದು. ಚಹಾ ಮಾರುವವನೊಬ್ಬ ಯಾವ ದೇವರ ಸ್ತೋತ್ರವೋ ಎಂದು ಕಿಟ್ಲಿ ಇಳಿಸಿ ನಿಂತ. ಏಳು ತುಂಡು ಮುಗಿಯುವಷ್ಟರಲ್ಲಿ ಗಾಡಿ ಅಲುಗಿತು. ಕಪಿಲ ಬರೆಯುತ್ತಲೇ ಹತ್ತಿದ. ಅವಳು ಬಾಗಿಲ ಜೊತೆ ಜೊತೆಗೆ ನಡೆದಳು, ಒಂಬತ್ತನೆಯ ತುಂಡಿಗೆ ಓಡಿದಳು. ಕಡೆಯ ನಾಲ್ಕು ಅಕ್ಷರವನ್ನು ಅವನು ಬಾಗಿಲಲ್ಲಿ ಜೋತು ಬಿದ್ದು ತಿರುಗಿ ಕೂಗಿ ಹೇಳಿದ. ಅವಳು ಹೌದೆಂದು ಗೋಣು ಹಾಕಿದಳು.

ವಾಪಸು ಬರುವ ಬಸ್ಸಿನಲ್ಲಿ ಕಾಕಾನ ಪಕ್ಕದ ಸೀಟು ಚಿತ್ತಾಪುರದಲ್ಲಿ ಖಾಲಿಯಾಯಿತು. ಅವನು ಡಬ್ಬಿ ಎತ್ತಿ ಜಾಗ ಮಾಡಿದ. ಅವಳು ಮಳಖೇಡ ದಾಟಿ ಸೇಡಂ ಬರುವ ತನಕ ಕಂಬಿ ಹಿಡಿದು ನಿಂತೇ ಬಂದಳು.

ಆಯಿ ಪಡಸಾಲೆಯಲ್ಲಿ ಮೊರ ಮುಂದಿಟ್ಟುಕೊಂಡು ಬೆರಳ ತುದಿಯಿಂದ ಅಕ್ಕಿಯ ಹರಳು ಹುಡುಕುತ್ತಿದ್ದಳು. ಹೆಜ್ಜೆಯ ಸದ್ದಿಗೇ ಕೇಳಿದಳು, “ಆತೇನು?”

“ಆತು.”

“ಯಾವ ಹೆಸರು ಕೊಟ್ಟಿ?”

“ನಂದೇ.”

“ಲಗ್ನ ಆದ ಮ್ಯಾಲ?”

“ಅದೇ ಇರ್ತದ ಆಯಿ. ಅಲ್ಲಿ ಯಾರೂ ಬದಲಿ ಮಾಡಂಗಿಲ್ಲ.”

ಆಯಿ ಸಿಕ್ಕ ಹರಳೊಂದನ್ನು ಪಕ್ಕಕ್ಕಿಟ್ಟಳು. “ಅದೇನು ಅಂದಿ ನೋಡು ಅಲ್ಲಿ, ಒಮ್ಮೆ ಅನ್ನು.”

ಹರಿಪ್ರಿಯಾ ಎದುರಿಗೆ ಕೂತು ಹೇಳಿದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ, ದನಿಯಲ್ಲಿ ಅದು ಇತ್ತು. ಇರಲಿ ಎಂದು ಹೇಳಿದಳು. ಅರ್ಧಕ್ಕೆ ಬಂದಾಗ ಬಾಗಿಲಲ್ಲಿ ನೆರಳು ಬಿತ್ತು. ಜಯತೀರ್ಥ ಒಂದು ಕಾಲಿನ ಚಪ್ಪಲಿ ಬಿಟ್ಟು, ಇನ್ನೊಂದನ್ನು ಬಿಡದೆ, ಹೊಸ್ತಿಲಾಚೆ ನಿಂತಿದ್ದ. ಬಗ್ಗಿದಾಗ ಅಂಗಿಯ ಹೊರಗೆ ಜಾರಿದ ಕೀಲಿಕೈ ದಾರದಲ್ಲಿ ತೂಗುತ್ತಿತ್ತು. “ಅವ್ವಾ,” ಎಂದ.

“ನಿಂದ್ರು. ಇನ್ನಾ ಮುಗದಿಲ್ಲ,” ಎಂದಳು ಆಯಿ.

ಹತ್ತನೆಯ ತುಂಡು ಮುಗಿಯಿತು. ಮೊರದ ಕಡೆ ತಿರುಗಿದ ಹರಿಪ್ರಿಯಾಳ ಕಣ್ಣು ಅಲ್ಲೇ ನಿಂತಿತು. ಹರಳು ಹುಡುಕುತ್ತಿದ್ದ ಬೆರಳು ಯಾವಾಗಲೋ ಅಕ್ಕಿಯ ನಡುವೆ ದಾರಿ ಮಾಡಿತ್ತು. ಅಂಕುಡೊಂಕು, ಸಾಲು ಏರಿಳಿದು, ಕಾಣದ ಕಣ್ಣು ಬರೆದ ಅಕ್ಷರ. ತುಂಗಾ.

ಆಯಿ ಮೊರವನ್ನು ಎರಡು ಕೈಯಲ್ಲಿ ಹಿಡಿದುಕೊಂಡಳು. ಕೇರಲಿಲ್ಲ.